ಫಾರ್ಮ್ಯಾಟ್ ಒತ್ತುವ ಮುನ್ನ

ಮೊಬೈಲ್ ಪದೇ ಪದೇ ಹ್ಯಾಂಗ್ ಆದರೆ ನ್ಯಾಮತಿ ಕಡೆಯ ನಾವೆಲ್ಲ ಫೋನನ್ನೇ ಬೈಯುತ್ತೇವೆ. ಎಷ್ಟೋ ಸಲ ಕೆಟ್ಟಿರುವುದು ಮೆಮೊರಿ ಕಾರ್ಡ್. ಫೋನ್ ಆಫ್ ಮಾಡಿ, ಕಾರ್ಡ್ ತೆಗೆದು, ಒಂದು ದಿನ ಬಳಸಿ ನೋಡಿ. ಸರಿಯಾಗಿ ನಡೆದರೆ ರಿಪೇರಿಗೆ ದುಡ್ಡು ಸುರಿಯಬೇಡಿ, ಕಾರ್ಡ್ ಬದಲಿಸಿ.

‘ಫಾರ್ಮ್ಯಾಟ್ ಮಾಡಿ’ ಎಂದು ಫೋನ್ ಕೇಳಿದರೆ ಮಾತ್ರ ಒತ್ತಬೇಡಿ. ತೀರಿಕೊಂಡ ಅಪ್ಪನ ಫೋಟೊ, ಮಳೆಗೆ ಹಾಳಾದ ಮೆಕ್ಕೆಜೋಳದ ಫೋಟೊ ಎಲ್ಲ ಅಳಿಸಿಹೋಗುತ್ತವೆ. ಮೊದಲು ಕಾರ್ಡ್ ರೀಡರ್‌ಗೆ ಹಾಕಿ ಕಂಪ್ಯೂಟರಿಗೆ ಕಾಪಿ ಮಾಡಿಸಿ.

ಒಂದು ಎಚ್ಚರಿಕೆ: 2015ರ ಆಂಡ್ರಾಯ್ಡ್ 6 ಬಂದಮೇಲೆ ಕೆಲವು ಫೋನ್‌ಗಳಲ್ಲಿ ಕಾರ್ಡನ್ನೇ ಇಂಟರ್ನಲ್ ಸ್ಟೋರೇಜ್ ಮಾಡಿಕೊಳ್ಳಬಹುದು. ಅಂಥ ಕಾರ್ಡನ್ನು ಬೇರೆ ಫೋನ್, ಕಂಪ್ಯೂಟರ್ ಓದುವುದಿಲ್ಲ. ಅದನ್ನು ತೆಗೆಯುವ ಮೊದಲೇ ಫೋಟೊಗಳನ್ನು ಬೇರೆ ಕಡೆ ಕಳಿಸಿಕೊಳ್ಳಿ.

ಗಿರಾಕಿಯನ್ನು ಕೇಳದೆ ಅಂಗಡಿಯವರು ಕಾರ್ಡ್ ಫಾರ್ಮ್ಯಾಟ್ ಮಾಡಬಾರದು. ಕಾರ್ಡಿಗೆ ನೂರಾರು ರೂಪಾಯಿ ಬೆಲೆ, ಒಳಗಿನದಕ್ಕೆ ಬೆಲೆ ಕಟ್ಟಲಾಗದು.