ಡೆತ್ ನೋಟ್‌ಗೆ ನಿಷೇಧ, ಮಾಂತ್ರಿಕನಿಗೆ ಮರ್ಯಾದೆಯೇ?

ಅರಸೀಕೆರೆಯಂತಹ ಊರಿನ ಮಕ್ಕಳ ಮೊಬೈಲನ್ನೂ ಇಂದು ಜಪಾನಿನ ಅನಿಮೆಗಳು ತಲುಪಿವೆ. ಹೊಸದಾಗಿ ನೋಡಹೊರಟವರಿಗೆ ಗೆಳೆಯರು ಸೂಚಿಸುವ ಹೆಸರುಗಳಲ್ಲಿ ‘ಡೆತ್ ನೋಟ್’ ಒಂದು. 2006ರಲ್ಲಿ ಆರಂಭವಾದ, 37 ಕಂತುಗಳ ಈ ಕಥೆಯಲ್ಲಿ ಮೃತ್ಯುದೇವತೆಯ ಪುಸ್ತಕವೊಂದು ವಿದ್ಯಾರ್ಥಿಯ ಕೈಸೇರುತ್ತದೆ. ಮುಖವನ್ನು ನೆನೆದು ಅದರಲ್ಲಿ ಹೆಸರು ಬರೆದರೆ ಆ ವ್ಯಕ್ತಿ ಸಾಯುತ್ತಾನೆ. ವಿದ್ಯಾರ್ಥಿ ಹೊಸ ಜಗತ್ತಿನ ದೇವರಾಗಲು ಹೊರಡುತ್ತಾನೆ. ಜೀವ-ಮರಣಗಳ ಒಡೆತನ ಅಲ್ಲಾಹನೊಬ್ಬನದೇ ಎಂದು ನಂಬುವ ಹಿರಿಯರು ಇದರಿಂದ ಕಳವಳಗೊಳ್ಳುವುದು ಸಹಜ.

ಆದರೆ ನಾವು ಕೇಳುತ್ತೇವೆ: ಮಗನ ಮೊಬೈಲನ್ನು ಕಿತ್ತುಕೊಂಡ ಕೈಯೇ, ವ್ಯಾಪಾರ ಕುಸಿದಾಗ ಅಥವಾ ಮಗಳ ಮದುವೆ ತಡವಾದಾಗ, ಮಾಟ ತೆಗೆಸಲೆಂದು ಮಾಂತ್ರಿಕನಿಗೆ ಹಣ ಎಣಿಸುವುದೇಕೆ? ಪವಿತ್ರ ಕುರ್‌ಆನ್ ಅಲ್ ಬಕರ ಅಧ್ಯಾಯದ 102ನೇ ಸೂಕ್ತದಲ್ಲಿ ಮಾಟವನ್ನು ಖಂಡಿಸಿದೆ. ಅಲ್ಲಾಹನ ಅನುಮತಿಯಿಲ್ಲದೆ ಅದು ಯಾರಿಗೂ ಹಾನಿ ಮಾಡಲಾರದೆಂದೂ ತಿಳಿಸಿದೆ. ಪ್ರವಾದಿ(ಸ)ರು ವಿನಾಶಕಾರಿಯಾದ ಏಳು ಪಾಪಗಳನ್ನು ಎಣಿಸುವಾಗ ಶಿರ್ಕ್‌ನ ಬೆನ್ನಿಗೇ ಮಾಟವನ್ನು ಹೆಸರಿಸಿದ್ದಾರೆ.

ದೇವರಾಗಹೊರಟ ಆ ವಿದ್ಯಾರ್ಥಿ ಕೊನೆಯ ಕಂತಿನಲ್ಲಿ ತಾನೇ ಸಾಯುತ್ತಾನೆ. ಮಾಂತ್ರಿಕನ ವ್ಯವಹಾರಕ್ಕೆ ಕೊನೆಯ ಕಂತೇ ಇಲ್ಲ. ಪ್ರತಿ ಭೇಟಿಗೂ ಹೊಸ ಭಯ, ಹೊಸ ಶುಲ್ಕ. ಅನಿಮೆಯನ್ನು ಮಗು ಕಟ್ಟುಕಥೆಯೆಂದು ಅರಿತೇ ನೋಡುತ್ತದೆ. ಮಾಂತ್ರಿಕನನ್ನಾದರೋ ತಂದೆ ನಿಜವೆಂದೇ ನಂಬಿ ನಡೆಯುತ್ತಾನೆ. ಇವೆರಡರಲ್ಲಿ ವಿಶ್ವಾಸಕ್ಕೆ ಹೆಚ್ಚಿನ ಅಪಾಯ ಯಾವುದರಿಂದ?

ಮಕ್ಕಳೊಡನೆ ಕುಳಿತು, ಆ ಕಥೆಯನ್ನೇ ಮುಂದಿಟ್ಟು ಏಕದೇವ ವಿಶ್ವಾಸವನ್ನು ವಿವರಿಸಿರಿ. ಅದಕ್ಕೂ ಮುನ್ನ ಮಾಂತ್ರಿಕನ ಹೊಸ್ತಿಲು ತುಳಿಯುವುದನ್ನು ನಿಲ್ಲಿಸಿರಿ. ಆಗಷ್ಟೇ ನಿಮ್ಮ ಉಪದೇಶಕ್ಕೆ ಮನೆಯಲ್ಲಿ ಬೆಲೆಯಿರುತ್ತದೆ.