ಗೆಲಾಕ್ಸಿಗಳ ‘ಡಿಕ್ಕಿ’ಯನ್ನು ಕಂಪ್ಯೂಟರ್ ಪತ್ತೆ ಹಚ್ಚುವುದು ಹೇಗೆ? ಅದನ್ನು ಎಷ್ಟು ನಂಬಬಹುದು?

‘ನಮ್ಮ ಗೆಲಾಕ್ಸಿಗೆ ಇನ್ನೊಂದು ಗೆಲಾಕ್ಸಿ ಗುದ್ದಲಿದೆ, ಭೂಮಿ ಪುಡಿಪುಡಿ, ಇದನ್ನು ಎಐ ಕಂಡುಹಿಡಿದಿದೆ!’ ಈ ಅರ್ಥದ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಇದರಲ್ಲಿ ಸ್ವಲ್ಪ ನಿಜವಿದೆ, ಬಹಳಷ್ಟು ಉಪ್ಪು-ಖಾರವಿದೆ. ಎರಡನ್ನೂ ಬೇರೆ ಮಾಡಿ ನೋಡೋಣ.

ಗೆಲಾಕ್ಸಿಗಳು ಒಂದರೊಳಗೊಂದು ಸೇರುವುದು ನಿಜ. ನಮ್ಮ ಹಾಲುಹಾದಿಯ ದೊಡ್ಡ ನೆರೆಮನೆ ಆಂಡ್ರೊಮಿಡಾ ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದೆ. ಅದು ಸೆಕೆಂಡಿಗೆ ಸುಮಾರು 110 ಕಿ.ಮೀ. ವೇಗದಲ್ಲಿ ನಮ್ಮತ್ತ ಬರುತ್ತಿದೆ. ಮಳೆ ಮುಗಿದ ಮೇಲೆ, ಡಿಸೆಂಬರಿನ ಅಮಾವಾಸ್ಯೆಯ ಆಸುಪಾಸಿನಲ್ಲಿ, ಸಾಗರ, ಹೊಸನಗರ, ತೀರ್ಥಹಳ್ಳಿಯ ಹಳ್ಳಿಗಳಲ್ಲಿ ಅಂಗಳದ ದೀಪ ಆರಿಸಿ ಉತ್ತರಕ್ಕೆ ತಲೆ ಎತ್ತಿದರೆ ಅದು ಬರಿಗಣ್ಣಿಗೇ ಮಸುಕು ಮಚ್ಚೆಯಂತೆ ಕಾಣುತ್ತದೆ. ಸುಮಾರು 400 ಕೋಟಿ ವರ್ಷಗಳ ನಂತರ ಎರಡೂ ಡಿಕ್ಕಿಯಾಗುವುದು ಖಚಿತ ಎಂದು 2012ರಲ್ಲಿ ಹಬಲ್ ದೂರದರ್ಶಕದ ಅಳತೆಗಳಿಂದ ಲೆಕ್ಕ ಹಾಕಿದ್ದರು. 2025ರ ಹೊಸ ಲೆಕ್ಕದಲ್ಲಿ ಆ ಖಚಿತತೆಯೂ ಹೋಯಿತು. ಮುಂದಿನ 1000 ಕೋಟಿ ವರ್ಷಗಳಲ್ಲಿ ಸೇರುವ ಸಾಧ್ಯತೆ ಸರಿಸುಮಾರು ಅರ್ಧಕ್ಕರ್ಧ ಮಾತ್ರ.

ಸೇರಿದರೂ ‘ಪುಡಿಪುಡಿ’ ಆಗುವುದಿಲ್ಲ. ಸೂರ್ಯನನ್ನು 3 ಸೆಂ.ಮೀ. ಗಾತ್ರದ ಗೋಟಡಿಕೆ ಎಂದುಕೊಂಡು ತೀರ್ಥಹಳ್ಳಿಯಲ್ಲಿಡಿ. ಅದೇ ಲೆಕ್ಕದಲ್ಲಿ ಸೂರ್ಯನಿಗೆ ಅತಿ ಹತ್ತಿರದ ನಕ್ಷತ್ರ ಸುಮಾರು 860 ಕಿ.ಮೀ. ಆಚೆ, ಗುಜರಾತಿನ ಸೂರತ್ ಬಳಿ ಇರುತ್ತದೆ! ಇಷ್ಟು ಖಾಲಿ ಜಾಗವಿರುವಾಗ ನಕ್ಷತ್ರಕ್ಕೆ ನಕ್ಷತ್ರ ತಾಗುವುದು ತೀರಾ ಅಪರೂಪ. ಇದು ತುಂಗೆ ಕೂಡ್ಲಿಯಲ್ಲಿ ಭದ್ರೆಯನ್ನು ಸೇರಿದ ಹಾಗೆ. ಆದರೆ ಗೆಲಾಕ್ಸಿಗಳ ಆಕಾರ ಕೆಡುತ್ತದೆ, ಬಾಲದಂಥ ಎಳೆಗಳು ಹೊರಚಾಚುತ್ತವೆ, ಅನಿಲ ಒತ್ತಿಕೊಂಡು ಹೊಸ ನಕ್ಷತ್ರಗಳು ಹುಟ್ಟುತ್ತವೆ. ಹೀಗೆ ಕೂಡಿ ಒಂದಾದ ಎನ್‌ಜಿಸಿ 7252 ಎಂಬ ಗೆಲಾಕ್ಸಿಯನ್ನು ಇಸ್ರೊ 2015ರಲ್ಲಿ ಹಾರಿಸಿದ ಆಸ್ಟ್ರೊಸ್ಯಾಟ್ ಉಪಗ್ರಹದ ನೇರಳಾತೀತ ದೂರದರ್ಶಕವೂ ನೋಡಿದೆ. ಆ ದೂರದರ್ಶಕ ತಯಾರಾದದ್ದು ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ಮುಂದಾಳತ್ವದಲ್ಲಿ.

ಇದರಲ್ಲಿ ಎಐ ಎಲ್ಲಿಂದ ಬಂತು? 2007ರಲ್ಲಿ ಶುರುವಾದ ‘ಗೆಲಾಕ್ಸಿ ಜೂ’ ಯೋಜನೆಯಲ್ಲಿ ಜನಸಾಮಾನ್ಯರೇ ಲಕ್ಷಗಟ್ಟಲೆ ಚಿತ್ರಗಳನ್ನು ಕಣ್ಣಲ್ಲಿ ನೋಡಿ ವಿಂಗಡಿಸಿದರು. ಈಗ ಚಿಲಿ ದೇಶದ ರೂಬಿನ್ ವೀಕ್ಷಣಾಲಯ ಹತ್ತು ವರ್ಷಗಳಲ್ಲಿ ನೂರಾರು ಕೋಟಿ ಗೆಲಾಕ್ಸಿಗಳ ಚಿತ್ರ ತೆಗೆಯಲಿದೆ. ಅಷ್ಟನ್ನು ಕಣ್ಣಲ್ಲಿ ನೋಡುವವರು ಯಾರು?

ಹಾಗಾಗಿ ಯಂತ್ರಕ್ಕೆ ಕಲಿಸಬೇಕು. ಅಡಿಕೆ ಆರಿಸುವುದನ್ನು ನಾವು ಕಲಿತದ್ದು ಹೇಗೆ? ಇದು ಸರಕು, ಇದು ಬೆಟ್ಟೆ, ಇದು ರಾಶಿ, ಇದು ಗೊರಬಲು ಎಂದು ಹಿರಿಯರು ತೋರಿಸಿದರು, ತಪ್ಪಿದಾಗ ತಿದ್ದಿದರು. ಯಂತ್ರಕಲಿಕೆಯೂ ಹಾಗೇ. ‘ಕೂಡುತ್ತಿವೆ’, ‘ಇಲ್ಲ’ ಎಂದು ಮನುಷ್ಯರು ಗುರುತು ಹಾಕಿದ ಸಾವಿರಾರು ಚಿತ್ರಗಳನ್ನು ಪ್ರೋಗ್ರಾಮಿಗೆ ಕೊಡುತ್ತಾರೆ. ಅದು ಊಹಿಸುತ್ತದೆ, ತಪ್ಪಿದಾಗ ತನ್ನೊಳಗಿನ ಲೆಕ್ಕವನ್ನು ತುಸು ಬದಲಿಸಿಕೊಳ್ಳುತ್ತದೆ. ಕೊನೆಗೆ, ಹಿಂದೆಂದೂ ತೋರಿಸದ ಚಿತ್ರ ಕೊಟ್ಟು ಪರೀಕ್ಷಿಸುತ್ತಾರೆ.

ಅದು ಎಡವುವುದೂ ನಮ್ಮ ಹಾಗೆಯೇ. ಕೆಂಪಡಿಕೆ ಮಾತ್ರ ನೋಡಿದವರ ಮುಂದೆ ಚಾಲಿ ಸುರಿದರೆ ತಡಬಡಾಯಿಸುತ್ತಾರಲ್ಲವೆ? 2019ರ ಒಂದು ಅಧ್ಯಯನದಲ್ಲಿ, ನಿಜವಾದ ಆಕಾಶದ ಚಿತ್ರಗಳಲ್ಲಿ ಕಲಿತ ಪ್ರೋಗ್ರಾಂ ಅಂಥದೇ ಚಿತ್ರಗಳಲ್ಲಿ ಶೇ. 91.5ರಷ್ಟು ಸರಿ ಹೇಳಿತು. ಕಂಪ್ಯೂಟರಿನಲ್ಲಿ ಸೃಷ್ಟಿಸಿದ ಗೆಲಾಕ್ಸಿಗಳಿಂದ ಕಲಿತದ್ದು ನಿಜವಾದ ಚಿತ್ರಗಳಲ್ಲಿ ಶೇ. 53ಕ್ಕೆ ಇಳಿಯಿತು. ನಾಣ್ಯ ಚಿಮ್ಮಿದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ! ಇನ್ನೊಂದು ತೊಡಕು ದೂರದ್ದು. ಕೊಡಚಾದ್ರಿ ಮತ್ತು ಅದರ ಮುಂದಿನ ಸಣ್ಣ ಗುಡ್ಡ ಫೋಟೊದಲ್ಲಿ ಒಂದಕ್ಕೊಂದು ಅಂಟಿದಂತೆ ಕಾಣಬಹುದು, ನಡುವೆ ಮೈಲಿಗಟ್ಟಲೆ ಕಾಡಿದ್ದರೂ. ಗೆಲಾಕ್ಸಿಗಳ ಚಿತ್ರದಲ್ಲೂ ಇದೇ ಮೋಸ. ನಿಜಕ್ಕೂ ಪಕ್ಕದಲ್ಲಿವೆಯೇ ಎಂದು ತಿಳಿಯಲು ಅವುಗಳ ಬೆಳಕನ್ನು ಬಿಡಿಸಿ ದೂರ ಅಳೆಯಬೇಕು.

‘ಶೇ. 90 ನಿಖರ’ ಎಂಬ ಮಾತಿಗೂ ಮರುಳಾಗಬೇಡಿ. 1000 ಗೆಲಾಕ್ಸಿಗಳಲ್ಲಿ 50 ಮಾತ್ರ ಕೂಡುತ್ತಿವೆ ಎಂದುಕೊಳ್ಳಿ. ಶೇ. 90 ಸರಿಯಿರುವ ಯಂತ್ರ ಆ 50ರಲ್ಲಿ 45ನ್ನು ಹಿಡಿಯುತ್ತದೆ. ಜೊತೆಗೆ ಉಳಿದ 950ರಲ್ಲಿ 95ನ್ನು ತಪ್ಪಾಗಿ ಹಿಡಿಯುತ್ತದೆ. ಅಂದರೆ ಅದು ತೋರಿಸಿದ 140ರಲ್ಲಿ ಮೂರರಲ್ಲೆರಡು ಪಾಲು ಸುಳ್ಳು! ಅದಕ್ಕೇ ವಿಜ್ಞಾನಿಗಳು ಯಂತ್ರದ ಉತ್ತರವನ್ನು ತೀರ್ಪು ಎನ್ನುವುದಿಲ್ಲ, ‘ಇವನ್ನು ಮೊದಲು ಪರೀಕ್ಷಿಸಿ’ ಎಂಬ ಪಟ್ಟಿ ಎನ್ನುತ್ತಾರೆ. ಈ ಲೆಕ್ಕ ಆಕಾಶಕ್ಕಷ್ಟೇ ಅಲ್ಲ. ಅಪರೂಪದ ಕಾಯಿಲೆಯನ್ನು ಎಐ ಪತ್ತೆ ಹಚ್ಚುತ್ತದೆ ಎನ್ನುವ ಸುದ್ದಿಗೂ ಇದನ್ನೇ ಹಾಕಿ ನೋಡಬಹುದು.

ಮುಂದಿನ ಸಲ ‘ಎಐ ಕಂಡುಹಿಡಿದಿದೆ’ ಎಂಬ ಫಾರ್ವರ್ಡ್ ಬಂದರೆ ಮೂರು ಪ್ರಶ್ನೆ ಕೇಳಿ: ಯಾವ ಚಿತ್ರಗಳಿಂದ ಕಲಿತದ್ದು? ಎಷ್ಟು ಸಲ ತಪ್ಪುತ್ತದೆ? ಬೇರೆ ದಾರಿಯಿಂದ ಯಾರಾದರೂ ಪರೀಕ್ಷಿಸಿದ್ದಾರೆಯೇ? ಉತ್ತರ ಸಿಗದಿದ್ದರೆ ಅದನ್ನು ಮುಂದಕ್ಕೆ ಕಳಿಸಬೇಡಿ. ಅಷ್ಟು ಹೊತ್ತು ಅಂಗಳಕ್ಕಿಳಿದು ಆಂಡ್ರೊಮಿಡಾ ಹುಡುಕಿ. ಅದಿನ್ನೂ ದೂರದಲ್ಲೇ ಇದೆ.