ಇಂಗ್ಲಿಷ್ ಗ್ರಾಮರ್ ಗೊಂದಲವೇ? ಮೊದಲು ಕನ್ನಡದಲ್ಲಿ ಕೇಳಿ ನೋಡಿ

ನಮ್ಮ ಗುಂಪಿನ ಗೆಳೆಯನೊಬ್ಬ ಓದು ಮುಗಿಸಿ ಮೊದಲು ಸೇರಿದ್ದು ಒಂದು ಇಂಗ್ಲಿಷ್ ಪತ್ರಿಕೆಗೆ. ತಾಲ್ಲೂಕಿನ ಸುದ್ದಿ ಕಳಿಸುವ ಕೆಲಸ. ಒಂದು ಊರಿನಲ್ಲಿ ಕುಡಿಯುವ ನೀರಿನ ಗಲಾಟೆ ಎದ್ದಿತ್ತು. ಪಂಚಾಯಿತಿ ಅಧ್ಯಕ್ಷರು ಅದೇ ವಿಷಯಕ್ಕೆ ಬೆಂಗಳೂರಿಗೆ ಹೋಗಿದ್ದರು, ಫೋನಿಗೂ ಸಿಗಲಿಲ್ಲ. ಗೆಳೆಯ ವರದಿಯಲ್ಲಿ ‘ಪ್ರೆಸಿಡೆಂಟ್ ಹ್ಯಾಸ್ ಬೀನ್ ಟು ಬೆಂಗಳೂರು’ ಎಂದು ಬರೆದ. ಡೆಸ್ಕಿನವರಿಗೆ ಅರ್ಥವಾಗಿದ್ದು ಬೇರೆ: ಅಧ್ಯಕ್ಷರು ಬೆಂಗಳೂರಿಗೆ ಹೋಗಿ ವಾಪಸ್ ಬಂದಿದ್ದಾರೆ, ಬಂದರೂ ಉತ್ತರ ಕೊಟ್ಟಿಲ್ಲ. ಮರುದಿನ ಹಾಗೇ ಅಚ್ಚಾಯಿತು.

ಬೆಳಿಗ್ಗೆ ಅಧ್ಯಕ್ಷರ ಫೋನ್. “ಏನಪ್ಪಾ, ನಾನಿನ್ನೂ ಬೆಂಗಳೂರಲ್ಲೇ ಇದೀನಿ. ಊರಿಗೆ ಬಂದು ಬಾಯಿ ಮುಚ್ಕೊಂಡು ಕೂತಿದಾರೆ ಅಂತ ಬರೆದಿದೀಯಲ್ಲ?”

ಪತ್ರಿಕೆ ತಿದ್ದುಪಡಿ ಹಾಕಿತು. ಗೆಳೆಯ ಮಾತ್ರ ಅದಾದ ಮೇಲೆ ಎಷ್ಟೋ ದಿನ ಒಂದು ಇಂಗ್ಲಿಷ್ ವಾಕ್ಯ ಬರೆಯಲೂ ಹೆದರುತ್ತಿದ್ದ. “ನಾವು ಕನ್ನಡ ಮೀಡಿಯಂನವರು, ನಮಗಿದು ಆಗಿಬರಲ್ಲ ಕಣ್ರೋ” ಅನ್ನುತ್ತಿದ್ದ.

ಆ ಮಾತನ್ನು ನಾವು ಒಪ್ಪುವುದಿಲ್ಲ. ಅವನಿಗೆ ಗೊತ್ತಿರಬೇಕಾದ ವ್ಯತ್ಯಾಸ ಅವನಿಗೆ ಮೂರು ವರ್ಷದ ಮಗುವಾಗಿದ್ದಾಗಲೇ ಗೊತ್ತಿತ್ತು. “ಅಪ್ಪ ಸಂತೆಗೆ ಹೋಗಿದ್ದಾರೆ” ಅಂದರೆ ಅಪ್ಪ ಮನೆಯಲ್ಲಿಲ್ಲ. “ಅಪ್ಪ ಸಂತೆಗೆ ಹೋಗಿ ಬಂದಿದ್ದಾರೆ” ಅಂದರೆ ಚೀಲದಲ್ಲಿ ಮಂಡಕ್ಕಿ ಇದೆಯಾ ಎಂದು ನೋಡಬಹುದು. ಇಂಗ್ಲಿಷಿನಲ್ಲಿ ಮೊದಲನೆಯದು ‘ಹ್ಯಾಸ್ ಗಾನ್ ಟು’, ಎರಡನೆಯದು ‘ಹ್ಯಾಸ್ ಬೀನ್ ಟು’. ಅಷ್ಟೇ. ಆದರೆ ಹೀಗೆ ಅವನಿಗೆ ಯಾರೂ ಹೇಳಿಕೊಡಲಿಲ್ಲ. ಪ್ರೆಸೆಂಟ್ ಪರ್ಫೆಕ್ಟ್ ಟೆನ್ಸ್ ಎಂಬ ಹೆಸರು ಕೊಟ್ಟರು, ಬಿಟ್ಟ ಸ್ಥಳ ತುಂಬಿಸಿದರು, ಅಂಕ ಹಾಕಿದರು.

ಇನ್ನೊಂದು ಜೋಡಿ ನೋಡಿ: ‘ಬೈ ಮಂಡೇ’ ಮತ್ತು ‘ಟಿಲ್ ಮಂಡೇ’. ಅರ್ಜಿ, ಬ್ಯಾಂಕು, ಆಫೀಸು ಎಲ್ಲ ಕಡೆ ಬೇಕಾಗುವ ಮಾತು. ಸಾಲ ಕೊಟ್ಟವರು ಮನೆ ಬಾಗಿಲಿಗೆ ಬಂದರೆ ನಾವು “ಸೋಮವಾರದೊಳಗೆ ಕೊಡ್ತೀನಿ” ಅನ್ನುತ್ತೇವೆ. ಅವರು “ಆಯ್ತು, ಸೋಮವಾರದವರೆಗೆ ಕಾಯ್ತೀನಿ” ಅನ್ನುತ್ತಾರೆ. ಇದನ್ನು ಯಾರೂ ಅದಲುಬದಲು ಮಾಡಿ “ಸೋಮವಾರದವರೆಗೆ ಕೊಡ್ತೀನಿ” ಅನ್ನುವುದಿಲ್ಲ. ಒಮ್ಮೆ ಮಾಡಿ ಮುಗಿಸುವ ಕೆಲಸಕ್ಕೆ ‘ಒಳಗೆ’, ಅದೇ ‘ಬೈ’. ಅಲ್ಲಿಯತನಕ ನಡೆಯುತ್ತಲೇ ಇರುವ ಕೆಲಸಕ್ಕೆ ‘ವರೆಗೆ’, ಅದೇ ‘ಟಿಲ್’.

ಒಂದು ಎಚ್ಚರಿಕೆ ಬೇಕು. ಕನ್ನಡದ “ಹತ್ತನೇ ತಾರೀಖಿನೊಳಗೆ” ಅನ್ನುವಾಗ ಹತ್ತೂ ಸೇರುತ್ತದೋ ಇಲ್ಲವೋ ಎಂಬ ಅನುಮಾನ ಉಳಿಯುತ್ತದೆ. ಇಂಗ್ಲಿಷ್ ಫಾರಂನಲ್ಲಿ ‘ಬೈ ಟೆಂತ್’ ಅಂದರೆ ಸಾಮಾನ್ಯವಾಗಿ ಹತ್ತೂ ಸೇರಿ. ‘ಬಿಫೋರ್ ಟೆಂತ್’ ಅಂದರೆ ಒಂಬತ್ತಕ್ಕೇ ಮುಗಿಯಿತು. ಕೊನೆಯ ದಿನ ಸೈಬರ್ ಸೆಂಟರಿಗೆ ಓಡುವವರು ಈ ಎರಡು ಪದ ಗಮನವಿಟ್ಟು ಓದಿ.

ಕೆಲಸಕ್ಕೆ ಇಂಟರ್‌ವ್ಯೂ ಕೊಡುವ ನಮ್ಮ ಹೆಣ್ಣುಮಕ್ಕಳು, ಹುಡುಗರು ಎಡವುವ ಜಾಗ ಇನ್ನೊಂದಿದೆ. “ನೈಟ್ ಶಿಫ್ಟ್ ಆಗುತ್ತಾ?” ಎಂದು ಕೇಳಿದಾಗ ‘ಐ ಯೂಸ್ಡ್ ಟು ಡು ನೈಟ್ ಶಿಫ್ಟ್’ ಅಂದರೆ “ಮೊದಲು ಮಾಡುತ್ತಿದ್ದೆ” ಎಂದಷ್ಟೇ. ಈಗ ಬಿಟ್ಟಿದ್ದೀರಿ ಎಂದೇ ಕೇಳಿದವರು ತಿಳಿಯುತ್ತಾರೆ. ‘ಐ ಆಮ್ ಯೂಸ್ಡ್ ಟು ನೈಟ್ ಶಿಫ್ಟ್’ ಅಂದರೆ “ನನಗೆ ರೂಢಿ ಇದೆ”. ನಡುವೆ ‘ಆಮ್’ ಅನ್ನುವ ಒಂದು ಸಣ್ಣ ಪದ, ಅದರ ಮೇಲೆ ಒಂದು ಕೆಲಸ ನಿಂತಿರುತ್ತದೆ.

ಕನ್ನಡ ಎಲ್ಲ ಕಡೆ ದಾರಿ ತೋರಿಸುತ್ತದೆ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. “2020ರಿಂದ ಇಲ್ಲಿದ್ದೀನಿ”, “ಐದು ವರ್ಷದಿಂದ ಇಲ್ಲಿದ್ದೀನಿ”. ಎರಡಕ್ಕೂ ನಮ್ಮಲ್ಲಿ ಒಂದೇ ‘ಇಂದ’. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ‘ಸಿನ್ಸ್’, ಎರಡನೆಯದಕ್ಕೆ ‘ಫಾರ್’. ನಾವೆಲ್ಲ ‘ಸಿನ್ಸ್ ಫೈವ್ ಇಯರ್ಸ್’ ಎಂದು ಬರೆಯುವುದು ದಡ್ಡತನದಿಂದಲ್ಲ, ಮನೆಮಾತಿನ ರೂಢಿಯಿಂದ. ಗುರುತು ಇಟ್ಟುಕೊಳ್ಳುವುದು ಸುಲಭ: ಕ್ಯಾಲೆಂಡರಿನಲ್ಲಿ ಬೆರಳಿಟ್ಟು ತೋರಿಸಬಹುದಾದ ದಿನವೋ ವರ್ಷವೋ ಆದರೆ ‘ಸಿನ್ಸ್’, ಬೆರಳು ಮಡಚಿ ಎಣಿಸುವ ಅವಧಿಯಾದರೆ ‘ಫಾರ್’.

ನಮ್ಮ ವಾದ ಇಷ್ಟೇ. ಕನ್ನಡದಲ್ಲಿ ಇರುವ ವ್ಯತ್ಯಾಸವನ್ನು ಕನ್ನಡದಿಂದಲೇ ಹೇಳಿಕೊಡಿ, ಒಂದು ಪೀರಿಯಡ್ ಸಾಕು. ಉಳಿದ ಸಮಯವನ್ನು ‘ಸಿನ್ಸ್’, ‘ಫಾರ್’ನಂತೆ ಕನ್ನಡದಲ್ಲಿ ಇಲ್ಲದ ವ್ಯತ್ಯಾಸಗಳಿಗೆ ಇಡಿ. ಈಗ ಎಲ್ಲವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ಎಲ್ಲವೂ ಹೊಸದು, ಎಲ್ಲವೂ ಕಷ್ಟ ಎನ್ನುವ ಹಾಗೆ ಕಲಿಸುತ್ತಿದ್ದೇವೆ.

“ಕನ್ನಡದ ಮೂಲಕ ಕಲಿಸಿದರೆ ಮಕ್ಕಳು ಮನಸ್ಸಲ್ಲೇ ಅನುವಾದ ಮಾಡ್ತಾ ಕೂರ್ತಾರೆ, ಮಾತಾಡಲ್ಲ” ಎಂದು ಹೇಳುವ ಮೇಷ್ಟ್ರುಗಳನ್ನು ನಾವು ಬಲ್ಲೆವು. ಅವರ ಮಾತಿನಲ್ಲಿ ಸತ್ಯ ಇಲ್ಲದಿಲ್ಲ. ಮಾತು ಬರಬೇಕಾದರೆ ಕೇಳಬೇಕು, ಆಡಬೇಕು. ಆದರೆ ಮನೆಯಲ್ಲೂ ಬೀದಿಯಲ್ಲೂ ಬಸ್ಸಿನಲ್ಲೂ ಇಂಗ್ಲಿಷ್ ಕಿವಿಗೆ ಬೀಳದ ಊರಿನಲ್ಲಿ, ವಾರಕ್ಕೆ ಕೆಲವೇ ಪೀರಿಯಡ್ಡಿನಲ್ಲಿ, ಕಿವಿಯಿಂದಲೇ ಕಲಿಯಲಿ ಎಂದರೆ ಹೇಗೆ? ನಮ್ಮ ಸರ್ಕಾರಿ ಕನ್ನಡ ಶಾಲೆಗಳಲ್ಲಿ 1ನೇ ತರಗತಿಯಿಂದಲೇ ಇಂಗ್ಲಿಷ್ ಕಲಿಸಲು ಶುರು ಮಾಡಿದ್ದು 2007-08ರಲ್ಲಿ. ಅಂದರೆ ಎಸ್ಸೆಸ್ಸೆಲ್ಸಿಗೆ ಬರುವ ಹೊತ್ತಿಗೆ ಮಗು ಹತ್ತು ವರ್ಷ ಇಂಗ್ಲಿಷ್ ಓದಿರುತ್ತದೆ. ಅಷ್ಟಾದರೂ ಒಂದು ರಜಾ ಅರ್ಜಿ ಬರೆಯಲು ಕೈ ನಡುಗಿದರೆ, ತಪ್ಪು ಮಗುವಿನದಲ್ಲ.

ಇದನ್ನು ಓದುತ್ತಿರುವ ಅಪ್ಪ ಅಮ್ಮಂದಿರಿಗೂ ಒಂದು ಮಾತು. “ನಮಗೆ ಇಂಗ್ಲಿಷ್ ಬರಲ್ಲ, ಹೋಂವರ್ಕ್ ಹೇಗೆ ಹೇಳಿಕೊಡೋದು?” ಎಂದು ಪಕ್ಕಕ್ಕೆ ಸರಿಯಬೇಡಿ. ಮಗಳು ‘ಗಾನ್’ ಬರೆಯಲಾ, ‘ಬೀನ್’ ಬರೆಯಲಾ ಎಂದು ಪೆನ್ಸಿಲ್ ಕಚ್ಚುತ್ತಾ ಕೂತಿದ್ದರೆ ನೀವು ಕೇಳಬೇಕಾದ್ದು ಒಂದೇ: “ಅವರು ಹೋಗಿದ್ದಾರಾ, ಹೋಗಿ ಬಂದಿದ್ದಾರಾ?” ಉತ್ತರ ಅವಳೇ ಹೇಳುತ್ತಾಳೆ.

ನಮ್ಮ ಗೆಳೆಯ ಈಗ ಮತ್ತೆ ಬರೆಯುತ್ತಿದ್ದಾನೆ. ವಾಕ್ಯ ಕಳಿಸುವ ಮುಂಚೆ ಅದನ್ನೇ ಒಮ್ಮೆ ಕನ್ನಡದಲ್ಲಿ ಗಟ್ಟಿಯಾಗಿ ಹೇಳಿಕೊಳ್ಳುತ್ತಾನೆ. ಪಕ್ಕದಲ್ಲಿ ಕೂತವರು ನಗುತ್ತಾರೆ. ನಗಲಿ ಬಿಡಿ. ಆಮೇಲೆ ಅವನ ಯಾವ ವರದಿಗೂ ತಿದ್ದುಪಡಿ ಹಾಕಬೇಕಾಗಿ ಬಂದಿಲ್ಲ.